ಹೊಂಡದಿಂದ ತೆಗೆದ ಹುಲ್ಲು

ಬಾಟಲಿಯ ತಳಕ್ಕೆ ಇಳಿದದ್ದು ಬಿಳಿಯಾಗಿಯೇ ಉಳಿಯಿತು. ಓಂಕಾರಮೂರ್ತಿ ಅದನ್ನು ಮೂಡಣದ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ಮತ್ತೆ ಇನ್ನೊಂದು ಮುಚ್ಚಿ ನೋಡಿದ. ಎರಡು ಕಣ್ಣಿಗೂ ಬಿಳಿಯೇ. ನೀರಿನಲ್ಲಿ ಆಮ್ಲಜನಕ ಇದ್ದರೆ ದ್ರಾವಣಗಳು ಬಿದ್ದ ಕೂಡಲೇ ಕಂದು ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಹಾಲಿನಂಥ ಬಿಳಿ ಗಸಿ. ಚಳ್ಳಕೆರೆಯ ಕಾಲೇಜಿನಲ್ಲಿ ಪ್ರತಿ ವರ್ಷ ಈ ಪ್ರಯೋಗ ಮಾಡಿಸುತ್ತ ಬಂದಿದ್ದರೂ ಅವನು ಕಂಡದ್ದು ಕಂದು ಮಾತ್ರ, ಏಕೆಂದರೆ ಪ್ರಯೋಗಶಾಲೆಯ ನಲ್ಲಿಯ ನೀರು ಯಾವಾಗಲೂ ಗಾಳಿ ಕುಡಿದುಕೊಂಡೇ ಬರುತ್ತಿತ್ತು. ಬಿಳಿ ಎನ್ನುವುದು ಪಾಠದ ಕೊನೆಯ ಒಂದು ವಾಕ್ಯ. ಅವನು ಹೇಳಿ ಮುಂದೆ ಹೋಗುತ್ತಿದ್ದ, ಹುಡುಗರು ಬರೆದುಕೊಳ್ಳುತ್ತಿದ್ದರು. ಈಗ ಆ ವಾಕ್ಯ ಅವನ ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಕೆಳಗೆ ಹೊಂಡದ ಮೈಯೆಲ್ಲ ಸಣ್ಣಗೆ ಮಿಡಿಯುತ್ತಿತ್ತು. ಹನಿ ಬೀಳುತ್ತಿದೆಯೇನೋ ಎಂದು ಅವನು ಬಂದ ಕೂಡಲೇ ತಲೆಯೆತ್ತಿ ನೋಡಿದ್ದ. ಕಾರ್ತಿಕದ ಆಕಾಶ ಜಟಿಂಗ ರಾಮೇಶ್ವರನ ಬೆಟ್ಟದವರೆಗೂ ಖಾಲಿಯಾಗಿತ್ತು. ಮಿಡಿಯುತ್ತಿದ್ದದ್ದು ಮೀನಿನ ಬಾಯಿಗಳು. ಕೆಳಗೆ ಉಸಿರಿಲ್ಲದೆ ಮೇಲೆ ಬಂದು, ನೀರೂ ಗಾಳಿಯೂ ಸೇರುವ ತೆಳು ಪದರಕ್ಕೆ ಬಾಯಿ ಹಚ್ಚಿ, ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ಶಬ್ದವೇ ಇರಲಿಲ್ಲ.

ಮೆಟ್ಟಿಲ ಅಂಚಿನುದ್ದಕ್ಕೂ ನೀರಲ್ಲಿ ಶೇಂಗಾ ಹೊಟ್ಟಿನ ಕಟ್ಟುಗಳು ತೇಲುತ್ತಿದ್ದವು. ಬಳ್ಳಿ, ಎಲೆ, ಬೇರು ಸಮೇತ ಬಿಗಿದು ಕಟ್ಟಿದವು. ಕೆಲವಕ್ಕೆ ಅರಿಸಿನ ದಾರ, ಕೆಲವಕ್ಕೆ ಹಳೆಯ ಸೀರೆಯ ಅಂಚು, ಒಂದಕ್ಕೆ ಹಸಿರು ಗಾಜಿನ ಬಳೆ. ಅವುಗಳ ಸುತ್ತ ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಮೂಡಲ ಮೂಲೆಯಲ್ಲಿ ಮಾತ್ರ ಅವನದೇ ಚೀಲ, ಸಡಿಲವಾದ ಬಲೆಯೊಳಗೆ ಬಾರ್ಲಿ ಹುಲ್ಲು, ತೇಲಲೆಂದು ಕಟ್ಟಿದ ಖಾಲಿ ಎಣ್ಣೆ ಕ್ಯಾನು, ಕ್ಯಾನಿನ ಮೇಲೆ ಅವ್ವ ಬಳಿದ ವಿಭೂತಿಯ ಮೂರು ಬೆರಳು. ಮಾಸಿದ್ದರೂ ಇನ್ನೂ ಗುರುತು ಹಿಡಿಯುವಷ್ಟು ಇತ್ತು ಅದು. ಅವನು ನೋಡದಿರಲು ಪ್ರಯತ್ನಿಸಿದ್ದು ಅದನ್ನೇ.

ಅವನ ಹುಟ್ಟೂರಾದ ಇಲ್ಲಿಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಹೊಂಡದಲ್ಲಿ ಕೊಡ ಮುಳುಗಿಸುವವರು ಇಲ್ಲವಾಗಿದ್ದರು. ಕಲಕುವ ಕೈಯಿಲ್ಲದ ನೀರು ನಿಧಾನಕ್ಕೆ ಹಸಿರಾಯಿತು. ಅಪ್ಪ ಎಣ್ಣೆ ಮಿಲ್ಲು ಮಾಡಿ ಚಳ್ಳಕೆರೆಗೆ ಬಂದು ನೆಲೆಸಿದರೂ ಅವ್ವ ಮಂಜುಳಮ್ಮ ಲಿಂಗಪೂಜೆಗೆ ಈ ಹೊಂಡದ ನೀರನ್ನೇ ಬೇಡುತ್ತಿದ್ದಳು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಿ.ಜಿ. ಕೆರೆಗೆ ಬಂದು, ಅಲ್ಲಿಂದ ಆಟೋ ಹಿಡಿದು, ಕ್ಯಾನು ತುಂಬಿಕೊಂಡು ಹೋಗುವುದು ಓಂಕಾರಮೂರ್ತಿಯ ಪಾಲಿಗೆ ಬಂದಿತ್ತು. ನೀರು ಹಸಿರಾದ ಮೇಲೆ ಅವಳು ದೂರಲಿಲ್ಲ. ಬಿಳಿ ಬಟ್ಟೆ ಹಾಸಿ ಸೋಸಿದಳು, ಬಟ್ಟೆಯ ಮೇಲೆ ಉಳಿದ ಹಸಿರು ಲೋಳೆಯನ್ನು ಅವನ ಕಣ್ಣಿಗೆ ಬೀಳುವ ಜಾಗದಲ್ಲಿ ಒಣಹಾಕಿದಳು. ಬೇಕೆಂದೇ ಹಾಕಿದಳೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ರಸಾಯನಶಾಸ್ತ್ರ ಓದಿದ ಮಗ ಇದ್ದೂ ಎಂಬ ಮಾತನ್ನು ಆ ಬಟ್ಟೆ ದಿನವೂ ಆಡುತ್ತಿತ್ತು. ಮೈಲುತುತ್ತ ಹಾಕಬಹುದಿತ್ತು, ಹಸಿರು ವಾರದಲ್ಲಿ ಸಾಯುತ್ತಿತ್ತು. ಆದರೆ ಆ ನೀರನ್ನು ಕುರಿಗಳು ಕುಡಿಯುತ್ತಿದ್ದವು, ಮೈಲುತುತ್ತದ ತಾಮ್ರವನ್ನು ಕುರಿಯ ಯಕೃತ್ತು ತಾಳಿಕೊಳ್ಳುವುದಿಲ್ಲ. ಬಾರ್ಲಿ ಹುಲ್ಲಿನ ವಿಷಯ ಅವನು ಓದಿದ್ದ. ಗಾಳಿಯಾಡುವ ನೀರಿನಲ್ಲಿ ಸಡಿಲವಾಗಿ ಇಟ್ಟರೆ ಅದು ಮೆಲ್ಲಗೆ ಕಳಿಯುತ್ತ ಏನನ್ನೋ ಬಿಡುತ್ತದೆ. ಇರುವ ಪಾಚಿಯನ್ನು ಅದು ಕೊಲ್ಲುವುದಿಲ್ಲ, ಹೊಸದು ಹುಟ್ಟದಂತೆ ತಡೆಯುತ್ತದೆ. ಎಲ್ಲ ಕಡೆಯೂ ಫಲಿಸಿದೆ ಎಂದೇನೂ ಇಲ್ಲ. ಆ ಸಂಕೋಚದ ವಾಕ್ಯಗಳೇ ಅವನಿಗೆ ಹಿಡಿಸಿದ್ದವು. ಬಾರ್ಲಿ ಈ ಸೀಮೆಯಲ್ಲಿ ಬೆಳೆಯದು. ಮಿಲ್ಲಿನಿಂದ ಉತ್ತರಕ್ಕೆ ಲೋಡು ಹೊತ್ತು ಹೋದ ಲಾರಿಯವನೊಬ್ಬ ಬರುವಾಗ ರಾಜಸ್ಥಾನದಿಂದ ಎರಡು ಮೂಟೆ ತಂದುಕೊಟ್ಟು, ‘ಇಷ್ಟು ದೂರದಿಂದ ಹುಲ್ಲು ತರಿಸೋರ್ನ ನಾನು ನೋಡಿರ್ಲಿಲ್ಲ ಸಾರ್, ನಿಮ್ಮ ಎಮ್ಮೆ ಎಂಥಾ ಜಾತೀದು’ ಅಂದಿದ್ದ.

ಮೊದಲ ಚೀಲವನ್ನು ಕ್ಯಾನಿನ ಆಸೆಗೆ ಯಾರೋ ಎಳೆದುಹಾಕಿದರು. ಎರಡನೆಯದರ ಹುಲ್ಲು ದನಕ್ಕೆ ಹೋಯಿತು. ಮುಟ್ಟಬೇಡಿ ಎಂದು ಬರೆದು ನೆಟ್ಟ ಹಲಗೆಯ ಮೇಲೆ ಬಟ್ಟೆ ಒಣಗತೊಡಗಿತು. ಮೂರನೆಯ ಸಲ ಅವ್ವ ತಾನೂ ಬರುತ್ತೇನೆಂದು ಬಂದಳು. ಚೀಲ ನೀರಿಗೆ ಇಳಿಸುವ ಮೊದಲು ಯಾರನ್ನೂ ಕೇಳದೆ ವಿಭೂತಿ ತೇಯ್ದು ಮೂರು ಬೆರಳು ಎಳೆದಳು, ಕಣಗಿಲೆ ಹೂವಿಟ್ಟಳು, ಕರ್ಪೂರ ಹಚ್ಚಿದಳು. ಮೆಟ್ಟಿಲ ಮೇಲೆ ನಿಂತಿದ್ದವರು ಕೈಮುಗಿದರು. ಆ ಕ್ಷಣ ಅವನು ಒಂದು ಮಾತು ಹೇಳಬಹುದಿತ್ತು. ಇದು ಪೂಜೆಯ ವಸ್ತುವಲ್ಲ, ಹುಲ್ಲು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅದರ ಜೊತೆಗೇ ಇನ್ನೊಂದು ಯೋಚನೆ ಬಂತು, ಇನ್ನು ಇದನ್ನು ಯಾರೂ ಮುಟ್ಟುವುದಿಲ್ಲ ಎಂದು, ಮತ್ತು ಆ ಯೋಚನೆ ಬಂದ ಕೂಡಲೇ ಮೈ ಹಗುರವಾಯಿತು. ವಿಭೂತಿ ಅವನಿಗೆ ಬೇಲಿಯಾಗಿ ಕಂಡಿತ್ತು, ಜಾಲಿಮುಳ್ಳಿಗಿಂತ ಅಗ್ಗದ ಬೇಲಿ. ಹಾಗೇ ಆಯಿತು. ಯಾರೂ ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಮೂಡಲ ಮೂಲೆಯಲ್ಲಿ ನೀರು ತಿಳಿಯಾಗುತ್ತ ಬಂದು, ಕೆಳಗಿನ ಮೆಟ್ಟಿಲ ಕಲ್ಲಿನಲ್ಲಿ ಯಾರೋ ಕೊರೆದಿದ್ದ ಚೌಕಾಬಾರದ ಮನೆಗಳು ಕಾಣತೊಡಗಿದವು. ಅವನು ಅದನ್ನು ನೋಡಿ ಒಬ್ಬನೇ ನಕ್ಕಿದ್ದ. ಊರವರೂ ನೋಡಿದ್ದರು, ಪೂಜೆ ಮಾಡಿ ಬಿಟ್ಟ ಹುಲ್ಲು ಫಲ ಕೊಟ್ಟಿತೆಂದು. ಶೇಂಗಾ ಕಿತ್ತ ಕಾಲ, ಎಲ್ಲರ ಕಣದಲ್ಲೂ ಹೊಟ್ಟಿನ ರಾಶಿ. ಮುಂದಿನ ಸೋಮವಾರ ಅವನು ಬರುವಷ್ಟರಲ್ಲಿ ಮೊದಲ ಹರಕೆಯ ಕಟ್ಟು ತೇಲುತ್ತಿತ್ತು. ಅವನು ಅದನ್ನು ನೋಡಿದ, ಮುಂದಿನ ವಾರ ಹೇಳೋಣ ಎಂದುಕೊಂಡ.

‘ಏಮಿ ಸಾರೂ, ಬಾಟ್ಲಿ ಹಿಡ್ಕಂಡು ಇಷ್ಟೊತ್ತಿಗೇ ಶುರು ಮಾಡೀರಾ?’ ಎರ್ರಿಸ್ವಾಮಿ ಮೇಲಿನ ಕಟ್ಟೆಯಿಂದ ಕೂಗಿದ. ಗ್ರಾಮ ಪಂಚಾಯಿತಿಯ ಸದಸ್ಯ, ಬಾಯಲ್ಲಿ ಬೇವಿನ ಕಡ್ಡಿ, ಹೆಗಲ ಮೇಲೆ ಹಗ್ಗದ ಸುರುಳಿ. ನಿನ್ನೆ ಫೋನು ಮಾಡಿ ಕಟ್ಟುಗಳನ್ನು ತೆಗೆಸಲೇಬೇಕು ಎಂದು ಅವನಿಗೆ ಹೇಳಿದ್ದ ಓಂಕಾರಮೂರ್ತಿ.

‘ಮೀನು ಸಾಯ್ತಾವೆ ಎರ್ರಿಸ್ವಾಮಿ. ಇವತ್ತು ತೆಗೀಲಿಲ್ಲ ಅಂದ್ರೆ ನಾಳೆಗೆ ಒಂದೂ ಉಳಿಯಲ್ಲ. ಆಮೇಲೆ ಆ ನೀರು ಕುರೀನೂ ಮೂಸಲ್ಲ.’

‘ನಂದು ಮೊದ್ಲು ತಗುದುಬಿಡ್ರಿ. ಆ ಕೆಂಪು ದಾರದ್ದು. ಬೋರಿಗೆ ನೀರು ಬರ್ಲಿ ಅಂತ ಕಟ್ಟಿದ್ದೆ. ಮೊನ್ನೆ ಬೋರು ಫೇಲಾತು. ಇನ್ನು ಯಾವ ಮುಲಾಜು!’ ಎಂದು ಅವನು ತಾನೇ ನೀರಿಗಿಳಿದು, ಹಗ್ಗ ಹಾಕಿ, ತನ್ನ ಕಟ್ಟನ್ನು ದರದರ ಎಳೆದು ಮೆಟ್ಟಿಲ ಮೇಲೆ ಎಸೆದ. ಕಪ್ಪು ನೀರು ಕಲ್ಲಿನ ಮೇಲೆ ಹರಡಿತು. ಒಂದೊಂದಾಗಿ ಕಟ್ಟುಗಳು ಮೇಲೆ ಬಂದವು. ಕಟ್ಟಿದವರಲ್ಲಿ ಕೆಲವರು ಬಂದು ನಿಂತು ನೋಡಿ, ಆಗಲಿ ಬಿಡ್ರಿ ಅಂದು ಹೋದರು. ಕೆಲವರು ಬರಲೇ ಇಲ್ಲ. ಇಷ್ಟು ಸಲೀಸೇ ಎಂದು ಓಂಕಾರಮೂರ್ತಿಗೆ ಆಶ್ಚರ್ಯ. ಪ್ಯಾಂಟು ಮಡಿಸಿ ಅವನೂ ಇಳಿದ. ಬಳೆ ಕಟ್ಟಿದ ಕಟ್ಟಿಗೆ ಕೈ ಹಾಕಿದಾಗ ಮೇಲಿನಿಂದ ದನಿ ಬಂತು.

‘ಅದು ನಂದು, ಸಾಮಿ.’

ದುರುಗಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಕೂಲಿಗೆ ಹೊರಟವಳು, ತಲೆಯ ಮೇಲೆ ಬುತ್ತಿಯ ಗಂಟು. ಅವನಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಅವನು ಚಿಕ್ಕವನಿದ್ದಾಗ ಅವಳು ತನ್ನ ತಾಯಿ ವೀರಮ್ಮನ ಸೆರಗು ಹಿಡಿದು ಇದೇ ಹೊಂಡದ ಬಳಿಗೆ ಬರುತ್ತಿದ್ದಳು. ಬರುತ್ತಿದ್ದದ್ದು ಮೆಟ್ಟಿಲವರೆಗೆ ಅಲ್ಲ, ಆಚೆ ಆ ಬೇವಿನ ಮರದವರೆಗೆ.

‘ಗೊತ್ತೈತೆ ದುರುಗಕ್ಕ. ಆದ್ರೆ ಮೀನು ನೋಡು ಹೆಂಗೆ ಬಾಯಿ ಬಿಡ್ತಾವೆ. ಹೊಟ್ಟು ಕೊಳೆತು ನೀರಿನ ಉಸಿರು ಎಳ್ಕಂತೈತೆ.’

‘ನಮ್ಮ ಮಗಳು ಶಶಿರೇಖಂಗೆ ಕಟ್ಟಿರದು. ಎರಡು ಹೋದಾವೆ ಅವಳಿಗೆ, ಹೊಟ್ಟೇಲೇ. ಇದು ಮೂರನೇದು. ಹಡಿಯೋತನಕ ನೀರಾಗೇ ಇರ್ತೈತೆ ಅಂತ ಬೇಡ್ಕಂಡಿದೀನಿ.’ ಅವಳು ದನಿ ಎತ್ತಲಿಲ್ಲ. ಕಣ್ಣು ಮೂಡಲ ಮೂಲೆಗೆ ಹೋಯಿತು. ‘ಅದು ನಿಮ್ಮದು ಅಲ್ಲವಾ? ಅದು ಇರ್ತೈತಾ?’

‘ಅದು ಬೇರೆ.’

‘ಅದೂ ಹುಲ್ಲೇ ಅಲ್ಲವಾ?’

ಅವನ ಬಳಿ ಉತ್ತರವಿತ್ತು. ಸರಿಯಾದ ಉತ್ತರ. ಬಾರ್ಲಿ ಹುಲ್ಲು ಒಣ ಕಡ್ಡಿ, ಅದರಲ್ಲಿ ಸಾರಜನಕ ಕಡಿಮೆ, ನಿಧಾನಕ್ಕೆ ಕಳಿಯುತ್ತದೆ. ಶೇಂಗಾ ಹೊಟ್ಟು ದ್ವಿದಳದ್ದು, ಎಲೆಯಿರುವುದು, ಬಿಗಿದು ಕಟ್ಟಿದ್ದು, ದಿನಗಳಲ್ಲೇ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಅವನು ಹೇಳತೊಡಗಿದ, ಸುಲಭದ ಮಾತುಗಳಲ್ಲಿ, ತರಗತಿಯ ಹಿಂದಿನ ಬೆಂಚಿಗೆ ಹೇಳುವ ಹಾಗೆ. ಹೇಳುತ್ತಿದ್ದಂತೆ ಬೇರೊಂದು ಸದ್ದು ಕೇಳತೊಡಗಿತು. ಎತ್ತರದಿಂದ ಮಣ್ಣಿನ ಕೊಡಕ್ಕೆ ನೀರು ಬೀಳುವ ಸದ್ದು. ಮೊದಲು ಟೊಳ್ಳಾಗಿ, ಕೊಡ ತುಂಬುತ್ತ ಬಂದಂತೆ ಸಣ್ಣಗೆ, ಎತ್ತರಕ್ಕೆ ಏರುತ್ತ. ಆಗೆಲ್ಲ ಬೇವಿನ ಮರದ ಕೆಳಗೆ ವೀರಮ್ಮ ಕೊಡ ಇಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ಅವ್ವ ಹೊಂಡದಿಂದ ತುಂಬಿ ತಂದು, ತನ್ನ ಕೊಡ ಆ ಕೊಡಕ್ಕೆ ತಾಗದಷ್ಟು ಮೇಲೆ ಹಿಡಿದು ಹೊಯ್ಯುತ್ತಿದ್ದಳು. ಕೆಲವು ದಿನ ಅವ್ವ ಬೇಗ ಬರುತ್ತಿರಲಿಲ್ಲ. ವೀರಮ್ಮ ಮತ್ತು ಹುಡುಗಿ ಕಾಯುತ್ತಿದ್ದರು. ಯಾಕೆ ಅವರೇ ತುಂಬಿಕೊಳ್ಳಬಾರದು ಎಂದು ಅವನು ಅಜ್ಜನನ್ನು ಒಮ್ಮೆ ಕೇಳಿದ್ದ. ಅಜ್ಜ ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನೀರು ಕೆಡುತ್ತದೆ ಮಗಾ ಎಂದು ಶಾಂತವಾಗಿ, ಸುಲಭದ ಮಾತುಗಳಲ್ಲಿ ವಿವರಿಸಿದ್ದ. ಅಜ್ಜನ ವಿವರಣೆ ಸುಳ್ಳು, ತನ್ನದು ನಿಜ. ಎರಡರ ನಡುವಿನ ವ್ಯತ್ಯಾಸವನ್ನು ಅವನು ಬಾಟಲಿಯಲ್ಲಿ ಹಿಡಿದು ತೋರಿಸಬಲ್ಲ. ಆದರೆ ಮೇಲಿನ ಮೆಟ್ಟಿಲಲ್ಲಿ ನಿಂತು ಕೇಳುವವಳಿಗೆ ಎರಡೂ ಒಂದೇ ದನಿಯಲ್ಲಿ, ಒಂದೇ ಮನೆಯಿಂದ ಬರುತ್ತಿದ್ದವು. ಅವನು ಬಳೆಯ ಕಟ್ಟಿನಿಂದ ಕೈ ತೆಗೆದ.

‘ನಮ್ಮವ್ವ ಈ ನೀರು ಮುಟ್ಟದಂಗೇ ಸತ್ಲು,’ ಅಂದಳು ದುರುಗಕ್ಕ. ‘ನಾನು ಮುಟ್ಟಿದೆ. ಕಟ್ಟಿದೆ. ಯಾರೂ ಏನೂ ಅನ್ಲಿಲ್ಲ. ಈಗ ನೀವು ಬಾಟ್ಲಿ ತಂದೀರಿ.’

ಎರ್ರಿಸ್ವಾಮಿ ಬೇವಿನ ಕಡ್ಡಿ ಉಗಿದ. ‘ಲೇ ದುರುಗಿ, ಸಾರು ಊರಿನ ಒಳ್ಳೇದಕ್ಕೆ ಹೇಳ್ತಾರೆ. ಎಲ್ರುದೂ ತಗೀಲಿಲ್ಲವಾ?’

‘ನಿಂದು ಬೋರು ಎರ್ರಿಸ್ವಾಮಣ್ಣ. ಇನ್ನೊಂದು ಕೊರಸ್ತೀಯ.’

ಓಂಕಾರಮೂರ್ತಿ ಸೊಂಟದವರೆಗಿನ ನೀರಿನಲ್ಲಿ ನಡೆದು ಮೂಡಲ ಮೂಲೆಗೆ ಹೋದ. ಅಲ್ಲಿ ನೀರು ಇನ್ನೂ ತಿಳಿಯಾಗಿತ್ತು. ತನ್ನ ಪಾದಗಳು ಕಾಣುತ್ತಿದ್ದವು, ಬಿಳಿಚಿಕೊಂಡು, ಬೇರೆ ಯಾರದೋ ಎಂಬಂತೆ. ಈ ಚೀಲ ತೆಗೆಯುವುದರಿಂದ ಮೀನಿಗೆ ಏನೂ ಲಾಭವಿಲ್ಲ ಎಂದು ಅವನಿಗೆ ತಿಳಿದಿತ್ತು. ಬೇಸಿಗೆಗೆ ಹೊಂಡ ಮತ್ತೆ ಹಸಿರಾಗುತ್ತದೆ ಎಂದೂ ತಿಳಿದಿತ್ತು. ಅವನು ದಾರ ಕಡಿದು, ಕ್ಯಾನು, ವಿಭೂತಿ, ಬಲೆ ಎಲ್ಲವನ್ನೂ ಎದೆಗೆ ಅವುಚಿಕೊಂಡು ತಂದು ಮೆಟ್ಟಿಲ ಮೇಲಿಟ್ಟ. ಹುಲ್ಲು ಕಂದಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಸೂಸುತ್ತಿತ್ತು. ಒಳಗೆ ಒಂದು ಬಗೆಯ ಹಿಗ್ಗು ಇತ್ತು, ದೊಡ್ಡದೇನನ್ನೋ ಕೊಟ್ಟುಬಿಟ್ಟವನ ಹಿಗ್ಗು. ಅವನು ತಲೆಯೆತ್ತಿ ದುರುಗಕ್ಕನ ಮುಖ ನೋಡಿದ.

‘ನಿಮ್ಮದು ತಗುದ್ರೆ ನನಗೇನಾತು ಸಾಮಿ?’ ಅವಳು ನಿಜಕ್ಕೂ ಅರ್ಥವಾಗದೆ ಕೇಳಿದಳು. ‘ನಿಮ್ಮನೇಲಿ ಯಾರು ಬಸುರಿ ಇದಾರೆ?’

ಎರ್ರಿಸ್ವಾಮಿ ನಕ್ಕುಬಿಟ್ಟ. ಮೇಲೆ ನಿಂತಿದ್ದ ಇನ್ನಿಬ್ಬರೂ ನಕ್ಕರು. ಓಂಕಾರಮೂರ್ತಿಯ ಪ್ಯಾಂಟಿನಿಂದ ನೀರು ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು. ಅವಳೊಬ್ಬಳೇ ನಗಲಿಲ್ಲ. ಅವಳು ಹೊಂಡದ ಕಡೆ ನೋಡುತ್ತಿದ್ದಳು. ಕಟ್ಟುಗಳು ಹೋದ ಜಾಗಗಳಲ್ಲಿ ಬಾಯಿಗಳು ಇನ್ನೂ ತೆರೆದು ಮುಚ್ಚುತ್ತಿದ್ದವು. ಒಂದು ಸಣ್ಣ ಮೀನು ಮಗ್ಗುಲಾಗಿ, ಬೆಳ್ಳಗೆ ತೇಲಿ, ಮತ್ತೆ ನೆಟ್ಟಗಾಗಲು ಒದ್ದಾಡಿ, ಮತ್ತೆ ಮಗ್ಗುಲಾಯಿತು.

‘ಅವೂ ಉಸಿರಿರೋವೇ,’ ಅಂದಳು ಕೊನೆಗೆ. ಬುತ್ತಿಯ ಗಂಟು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡಳು. ‘ತಗೀರಿ. ಆದ್ರೆ ಇಲ್ಲಿ ಕಲ್ಲ ಮ್ಯಾಲೆ ಹಾಕಬ್ಯಾಡ್ರಿ. ಒಣಗಬಾರ್ದು. ನೀವೇ ತಗಂಡು ಹೋಗ್ರಿ, ನಿಮ್ಮನೇಲಿ ನೀರಾಗೆ ಇಡ್ರಿ. ಅವಳು ಹಡಿಯೋತನಕ. ಇಡ್ತೀರಾ?’

ಪೂಜೆಯದನ್ನು ಎಲ್ಲಿ ಹಾಕಬೇಕೆಂದು ತಿಳಿಯದಿದ್ದರೆ ಈ ಸೀಮೆಯವರು ನೀರಿಗೆ ಹಾಕುತ್ತಾರೆ. ನೀರಿನಿಂದಲೇ ತೆಗೆದದ್ದನ್ನು ಎಲ್ಲಿಡಬೇಕೆಂದು ಅವನೂ ಯೋಚಿಸಿರಲಿಲ್ಲ. ‘ಇಡ್ತೀನಿ,’ ಅಂದ. ಅವಳು ಅವನ ನಂಬರು ಕೇಳಿ, ತನ್ನ ಫೋನಿಗೆ ಎರ್ರಿಸ್ವಾಮಿಯಿಂದ ಒತ್ತಿಸಿಕೊಂಡು, ಒಂದು ಸಲ ರಿಂಗು ಮಾಡಿ ನೋಡಿ, ಕೂಲಿಗೆ ಹೊತ್ತಾಯಿತೆಂದು ಹೋದಳು.

ಬಿ.ಜಿ. ಕೆರೆಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರು ಮೂಗು ಮುಚ್ಚಿಕೊಂಡು, ‘ಏನ್ರೀ ಅದು, ಸತ್ತದ್ದೇನಾರ ಐತಾ ಒಳಗೆ? ಮ್ಯಾಲೆ ಹಾಕ್ರಿ’ ಅಂದ. ಬಸ್ಸಿನ ಮೇಲೆ ಬಿಸಿಲು, ಗಾಳಿ. ಚಳ್ಳಕೆರೆ ತಲುಪುವುದರೊಳಗೆ ಒಣಗಿಹೋಗುತ್ತದೆ. ಓಂಕಾರಮೂರ್ತಿ ಆಗುವುದಿಲ್ಲ ಎಂದ. ಎಣ್ಣೆ ಕ್ಯಾನನ್ನು ಅರ್ಧಕ್ಕೆ ಕುಯ್ದು ಅದರೊಳಗೆ ಕಟ್ಟನ್ನು ನೀರು ಸಮೇತ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಪಕ್ಕದಲ್ಲಿದ್ದವರು ಎದ್ದು ಹೋದರು. ಪ್ರತಿ ಹಂಪಿನಲ್ಲಿ ಕಪ್ಪು ನೀರು ತೊಡೆಯ ಮೇಲೆ ಚೆಲ್ಲುತ್ತಿತ್ತು. ಮುಂದಿನ ಸೀಟಿನಿಂದ ತಿರುಗಿ ನೋಡಿದ ಹುಡುಗಿ ಅವನ ಹಳೆಯ ವಿದ್ಯಾರ್ಥಿನಿಯೇ ಇರಬೇಕು. ಗುರುತು ಸಿಕ್ಕಿ ನಮಸ್ಕಾರ ಮಾಡಲು ಎತ್ತಿದ ಕೈ ಮೂಗಿಗೆ ಹೋಯಿತು. ಅವನು ಕಿಟಕಿಯ ಕಡೆ ತಿರುಗಿದ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಈ ಕಟ್ಟನ್ನು ದಾರಿಯಲ್ಲಿ ಎಲ್ಲಿಯಾದರೂ ಇಳಿಸಿಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಯೋಚಿಸಿದ. ಗರ್ಭದಲ್ಲಿ ಶಿಶು ಉಳಿಯುವುದಕ್ಕೂ ಹೊಟ್ಟು ಒದ್ದೆಯಾಗಿರುವುದಕ್ಕೂ ಇರುವ ಸಂಬಂಧ ಸೊನ್ನೆ. ಹಾಗೆ ಯೋಚಿಸುತ್ತಲೇ, ಬಳೆ ಒಡೆಯಬಾರದೆಂದು ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದ.

‘ಯಾರ್ದು ಅದು?’ ಅವ್ವ ಬಾಗಿಲಲ್ಲೇ ಕೇಳಿದಳು. ದುರುಗಕ್ಕಂದು ಎಂದ. ವೀರಮ್ಮನ ಮಗಳೆಂದು ಅವನು ಹೇಳಬೇಕಾಗಲಿಲ್ಲ. ಅವ್ವ ಗೋಡೆ ಹಿಡಿದು ದಾರಿ ಬಿಟ್ಟು ಸರಿದಳು. ‘ಹಿತ್ತಲಾಗೆ ಇಡು,’ ಅಂದಳು. ‘ನಡುಮನೆಗೆ ಬ್ಯಾಡ.’ ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ಅವನು ಕಟ್ಟನ್ನು ಇಳಿಸಿದ. ಕೊಳೆಯುವಾಗ ಒಳಗೆ ಹುಟ್ಟುವ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತಿತ್ತು. ಮುಳುಗಿಸಿ ಕೈ ಬಿಟ್ಟರೆ ನಿಧಾನಕ್ಕೆ ಬೆನ್ನು ತೋರಿಸಿ ತೇಲುತ್ತಿತ್ತು. ಕಲ್ಲು ಹೇರಿದ. ಬಳೆ ಒಡೆದೀತೆಂದು ಕಲ್ಲು ತೆಗೆದ. ಕಾಲೇಜಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಕಟ್ಟನ್ನು ಮಗುಚಿಟ್ಟು ನೀರು ಬದಲಿಸತೊಡಗಿದ. ಹಿತ್ತಲೆಲ್ಲ ನಾರುತ್ತಿತ್ತು. ಪಕ್ಕದ ಮನೆಯವರು ಮೋರಿ ಕಟ್ಟಿದೆಯೇ ಎಂದು ಕೇಳಿದರು. ಊರಿನಿಂದ ಎರ್ರಿಸ್ವಾಮಿ ಫೋನು ಮಾಡಿ ಮೀನುಗಳು ಕೆಳಗಿಳಿದವೆಂದೂ, ನೀರು ಮಾತ್ರ ಮತ್ತೆ ಬಣ್ಣ ತಿರುಗುತ್ತಿದೆಯೆಂದೂ ಹೇಳಿದ. ಓಂಕಾರಮೂರ್ತಿ ಅದನ್ನು ಅರ್ಧ ಗಮನದಿಂದ ಕೇಳಿದ, ಇನ್ನರ್ಧ ಟಬ್ಬಿನಲ್ಲಿತ್ತು. ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಅವನು ತಡೆದು ನಿಂತ. ಅವ್ವ ಪೂಜೆ ಮುಗಿಸಿ, ತಂಬಿಗೆಯಲ್ಲಿ ಉಳಿದ ಹೊಂಡದ ನೀರನ್ನು ಟಬ್ಬಿಗೆ ಹೊಯ್ಯುತ್ತಿದ್ದಳು. ದೂರ ನಿಂತು, ತಂಬಿಗೆ ತಾಗದಷ್ಟು ಎತ್ತರಕ್ಕೆ ಹಿಡಿದು. ಅದೇ ಕೈ, ಅದೇ ಎತ್ತರ. ನೀರು ತೀರುವವರೆಗೂ ಹೊಯ್ದಳು.

ಫೋನು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಆ ಹಿಂದಿನ ದಿನವೆಲ್ಲ ಅವನು ಪರೀಕ್ಷೆಯ ಕೆಲಸಕ್ಕೆ ಹೊರಗಿದ್ದ. ಊಟ ಮುಗಿಸಿ ಆಗಷ್ಟೇ ಮಲಗಿದ್ದ.

‘ಸಾಮಿ, ನಾನು ದುರುಗಕ್ಕ.’ ಹಿಂದೆ ಯಾರೋ ಟ್ರಾಲಿ ತಳ್ಳುವ ಸದ್ದು. ‘ಆಸ್ಪತ್ರೇಲಿ ಇದೀವಿ. ಇನ್ನೂ ದಿನ ಐತೆ, ಆಗಲೇ ನೋವು ಬಂದೈತೆ ಅವಳಿಗೆ. ಒಳಗೆ ಕರ್ಕಂಡು ಹೋದ್ರು. ಅದು ನೀರಾಗೇ ಐತಲ್ಲ?’

ಐತೆ ಎಂದುಬಿಡಬಹುದಿತ್ತು. ಹಾಗೆ ಹೇಳುವುದೇ ಕರುಣೆ ಎಂದೂ ಅವನಿಗೆ ಗೊತ್ತಿತ್ತು. ಆದರೆ ನೋಡದೆ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ‘ಇರು, ನೋಡಿ ಹೇಳ್ತೀನಿ,’ ಅಂದು ಬರಿಗಾಲಲ್ಲಿ ಹಿತ್ತಲಿಗೆ ಓಡಿದ. ಕಟ್ಟು ಮೇಲೆದ್ದಿತ್ತು. ನೀರು ತಗ್ಗಿ, ಬಿಸಿಲಿಗೆ ಬಿದ್ದ ಬೆನ್ನು ಬೂದು ಬಣ್ಣಕ್ಕೆ ತಿರುಗಿ, ಬಳ್ಳಿಗಳು ಗರಿಗರಿಯಾಗಿ ಬಿರಿದಿದ್ದವು. ಬಳೆ ಒಣಗಿ ಧೂಳು ಹಿಡಿದಿತ್ತು. ಎಷ್ಟು ಹೊತ್ತಿನಿಂದ ಹೀಗಿದೆಯೋ. ನೋವು ಯಾವಾಗ ಶುರುವಾಯಿತು ಎಂದು ಕೇಳಲು ಬಾಯಿ ತೆರೆದ, ಕೇಳಬೇಕೆನ್ನಿಸಿದ್ದಕ್ಕೆ ತಾನೇ ಹೆದರಿ ಮುಚ್ಚಿದ. ಮಂಡಿಯೂರಿ ಕೂತು, ಅಂಗಿಯ ತೋಳು ಮಡಿಸದೆ, ಎಡಗೈಯನ್ನು ಕಟ್ಟಿನ ಮೇಲಿಟ್ಟು ತಳದವರೆಗೂ ಅದುಮಿದ. ಗುಳ್ಳೆಗಳು ಬೆರಳ ಸಂದಿಯಿಂದ ಎದ್ದು ಒಡೆದವು. ಒಣ ಬೆನ್ನು ಕಪ್ಪಾಯಿತು.

‘ಸಾಮಿ?’

‘ಐತೆ,’ ಅಂದ. ‘ನೀರಾಗೇ ಐತೆ.’

‘ಪೂರ್ತಿ?’

‘ಪೂರ್ತಿ.’

ಅವಳು ಫೋನು ಇಡಲಿಲ್ಲ. ಕಿವಿಗೆ ಹಿಡಿದೇ ಯಾವುದೋ ಬಾಗಿಲ ಮುಂದೆ ನಿಂತಿದ್ದಳು. ಅವಳ ಉಸಿರು ಕೇಳುತ್ತಿತ್ತು. ಹಿಂದೆ ಅವ್ವ ಬಂದು ನಿಂತದ್ದು ಅವನಿಗೆ ನೆರಳಿನಿಂದ ಗೊತ್ತಾಯಿತು. ಕೆಳಗಿನಿಂದ ಕಟ್ಟು ಮೆಲ್ಲಗೆ, ಬಿಡದೆ, ಅಂಗೈಯನ್ನು ಮೇಲಕ್ಕೆ ಒತ್ತುತ್ತಿತ್ತು. ಅವನು ಕೈ ಎತ್ತಲಿಲ್ಲ.